ರ‍್ಯಾಪ್ಚರ್ ಬೈಬಲ್‌ನಲ್ಲಿ ಇದೆಯಾ? ನೀವೇ ಕೂತು ನೋಡುವುದು ಹೇಗೆ

"ರ‍್ಯಾಪ್ಚರ್ ಅನ್ನುವ ಪದವೇ ಬೈಬಲ್‌ನಲ್ಲಿ ಇಲ್ಲ, ಹಾಗಾಗಿ ಅದು ಸುಳ್ಳು" ಅಂತ ಯಾರಾದರೂ ಹೇಳಿದರೆ ಒಪ್ಪಿಕೊಂಡು ಎದ್ದು ಬರಬೇಡಿ. ಆ ವಾದದಲ್ಲಿ ಹುರುಳಿಲ್ಲ. ತ್ರಯೇಕತ್ವ ಅನ್ನುವ ಪದವೂ ಬೈಬಲ್‌ನಲ್ಲಿ ಇಲ್ಲ, ಅಲ್ವಾ? ನೋಡಬೇಕಾದದ್ದು ಪದವನ್ನಲ್ಲ, ವಿಷಯವನ್ನು: ಕ್ರಿಸ್ತನು ಬರುವಾಗ ನಂಬಿದವರು ಮೇಲಕ್ಕೆ ಎತ್ತಲ್ಪಟ್ಟು ಆತನನ್ನು ಸೇರುತ್ತಾರೆ ಅನ್ನುವುದನ್ನು. ಇನ್ನೊಂದು ಕಡೆಯವರು "ಒಂದನೇ ಥೆಸಲೋನಿಕ 4:17 ಓದಿ, ಎಲ್ಲ ಅಲ್ಲೇ ಇದೆ" ಅನ್ನುತ್ತಾರೆ (ಅಪೊಸ್ತಲ ಪೌಲ ಥೆಸಲೋನಿಕ ಊರಿನ ಸಭೆಗೆ ಬರೆದ ಮೊದಲ ಪತ್ರ, 4ನೇ ಅಧ್ಯಾಯ, 17ನೇ ವಚನ). ಅದಕ್ಕೂ ಸುಮ್ನೆ ತಲೆಯಾಡಿಸಬೇಡಿ. ಆ ವಚನದಲ್ಲಿ ಒಂದು ದೊಡ್ಡ ಮಾತು ಇದೆ, ನಿಜ. ಆದರೆ ನಾವು ಕೇಳಿಕೊಂಡು ಬೆಳೆದ ಕಥೆಯಲ್ಲಿ ಆ ವಚನ ಹೇಳದೇ ಇರುವುದೂ ಬೇಕಾದಷ್ಟು ಸೇರಿಕೊಂಡಿದೆ.

ಇದನ್ನು ನೀವೇ ಕೂತು ಪರೀಕ್ಷೆ ಮಾಡಬಹುದು. ಗ್ರೀಕ್ ಬರಬೇಕಾಗಿಲ್ಲ. ಒಂದು ಬೈಬಲ್, ಸಾಧ್ಯವಾದರೆ ಇನ್ನೊಂದು ಅನುವಾದ, ಒಂದು ನೋಟ್‌ಬುಕ್, ಮೂರು ನಾಲ್ಕು ಸಂಜೆ ಸಾಕು. ಅಡಿಟಿಪ್ಪಣಿ ಇರುವ ಸ್ಟಡಿ ಬೈಬಲ್ ಆದರೆ ಮೊದಲ ಸುತ್ತಿನಲ್ಲಿ ಟಿಪ್ಪಣಿ ಓದಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು: ಪ್ರಶ್ನೆಯನ್ನು ಎರಡಾಗಿ ಒಡೆಯಿರಿ

ಈ ವಿಷಯದಲ್ಲಿ ಜಗಳ ಆಗುವುದೇ ಎರಡು ಪ್ರಶ್ನೆಗಳನ್ನು ಒಂದೇ ಅಂದುಕೊಳ್ಳುವುದರಿಂದ. ನೋಟ್‌ಬುಕ್‌ನ ಮೊದಲ ಪುಟದಲ್ಲಿ ಇವೆರಡನ್ನೂ ಬೇರೆ ಬೇರೆ ಬರೆದುಕೊಳ್ಳಿ.

ಮೊದಲನೆಯದು: ಕ್ರಿಸ್ತನು ಬರುವಾಗ ಆತನನ್ನು ನಂಬಿದವರು ಮೇಲಕ್ಕೆ ಒಯ್ಯಲ್ಪಟ್ಟು ಆತನನ್ನು ಸೇರುತ್ತಾರಾ?

ಎರಡನೆಯದು: ಅದು ಕ್ರಿಸ್ತನ ಬಹಿರಂಗ ಬರೋಣಕ್ಕಿಂತ ಏಳು ವರ್ಷ ಮೊದಲೇ, ಮಹಾ ಸಂಕಟ (ಲೋಕದ ಕೊನೆಗೆ ಬರುವ ಘೋರ ಕಷ್ಟದ ಕಾಲ) ಶುರುವಾಗುವ ಮುಂಚೆ, ಲೋಕಕ್ಕೆ ಕಾಣದ ಹಾಗೆ ನಡೆಯುವ ಬೇರೆಯೇ ಒಂದು ಘಟನೆಯಾ?

ಮೊದಲನೆಯದಕ್ಕೆ ಹೌದು ಅನ್ನದ ಸಭೆಗಳು ಬಹಳ ಕಡಿಮೆ. ಕ್ಯಾಥೊಲಿಕ್, ಆರ್ಥೊಡಾಕ್ಸ್, ಲೂಥರನ್, ಬ್ಯಾಪ್ಟಿಸ್ಟ್, ಪೆಂತೆಕೋಸ್ತ್ ಎಲ್ಲರೂ ಪೌಲನ ಆ ಪತ್ರವನ್ನೇ ಓದುತ್ತಾರೆ, ಎಲ್ಲರೂ ಅದನ್ನು ನಂಬುತ್ತಾರೆ. ಜಗಳ ಇರುವುದು ಎರಡನೆಯದರಲ್ಲಿ. ಸಂಕಟಕ್ಕೆ ಮುಂಚೆ ಅನ್ನುವವರು ಒಂದು ಕಡೆ. ಸಂಕಟದ ನಡುವೆ ಅನ್ನುವವರು ಇದ್ದಾರೆ. ಸಂಕಟದ ಕೊನೆಯಲ್ಲಿ, ಬರೋಣದ ದಿನವೇ ಅನ್ನುವವರು ಇದ್ದಾರೆ. ಏಳು ವರ್ಷದ ಲೆಕ್ಕವನ್ನೇ ಒಪ್ಪದೆ ಒಂದೇ ಬರೋಣ, ಒಂದೇ ಪುನರುತ್ಥಾನ, ಒಂದೇ ತೀರ್ಪು ಅನ್ನುವವರೂ ಇದ್ದಾರೆ, ಅವರ ಸಂಖ್ಯೆಯೂ ಸಣ್ಣದಲ್ಲ. ಸಾಮಾನ್ಯವಾಗಿ "ರ‍್ಯಾಪ್ಚರ್" ಅಂದಾಗ ಜನರ ಮನಸ್ಸಿಗೆ ಬರುವುದು ಮಾತ್ರ ಮೊದಲ ಗುಂಪಿನ ಮಾತು.

ಒಂದನೇ ಥೆಸಲೋನಿಕವನ್ನು ಒಂದೇ ಸಲಕ್ಕೆ ಓದಿ ಮುಗಿಸಿ

ಬರೀ 4:17 ಅಲ್ಲ, ಪೂರ್ತಿ ಪತ್ರ. ಐದೇ ಅಧ್ಯಾಯ, ನಿಧಾನವಾಗಿ ಓದಿದರೂ ಅರ್ಧ ಗಂಟೆ ದಾಟುವುದಿಲ್ಲ. ಅದಕ್ಕೂ ಮುಂಚೆ ಅಪೊಸ್ತಲರ ಕೃತ್ಯಗಳು 17ರ ಮೊದಲ ಹತ್ತು ವಚನ ನೋಡಿಕೊಳ್ಳಿ. ಪೌಲ ಥೆಸಲೋನಿಕಕ್ಕೆ ಬಂದ, ಮೂರು ಸಬ್ಬತ್ ದಿನ ಸಭಾಮಂದಿರದಲ್ಲಿ ವಾದಿಸಿದ, ಊರಲ್ಲಿ ಗಲಾಟೆ ಎದ್ದಿತು, ರಾತ್ರೋರಾತ್ರಿ ಅವನನ್ನು ಸಾಗಹಾಕಬೇಕಾಯಿತು. ಹಿಂದೆ ಉಳಿದದ್ದು ಒಂದು ಎಳೆಯ ಸಭೆ, ಮೇಲೆ ಹಿಂಸೆ. ಪತ್ರ ಬರೆದದ್ದು ಸುಮಾರು ಕ್ರಿ.ಶ. 50ರಲ್ಲಿ, ಅಂದರೆ ಹೊಸ ಒಡಂಬಡಿಕೆಯ ಅತಿ ಹಳೆಯ ಬರಹಗಳಲ್ಲಿ ಇದೂ ಒಂದು.

ಈಗ 4:13ರಿಂದ 18. ಅವರ ಪ್ರಶ್ನೆ ಏನಿತ್ತು ಅನ್ನುವುದನ್ನು ಹಿಡಿಯಿರಿ. "ಸಂಕಟದಿಂದ ನಾವು ತಪ್ಪಿಸಿಕೊಳ್ಳುತ್ತೇವಾ?" ಅಂತ ಅವರು ಕೇಳಿರಲಿಲ್ಲ. ಅವರಲ್ಲಿ ಕೆಲವರು ತೀರಿಕೊಂಡಿದ್ದರು. ಕರ್ತನು ಬರುವಾಗ ಸತ್ತುಹೋದ ನಮ್ಮವರ ಗತಿ ಏನು, ಅವರಿಗೆ ಆ ದಿನ ತಪ್ಪಿಹೋಯಿತಾ ಅನ್ನುವ ದುಃಖ ಅವರದ್ದು. ಹೊಸದಾಗಿ ನಂಬಿದ ಮನೆಯಲ್ಲಿ ಸಾವು ಆದಾಗ ಏಳುವ ಪ್ರಶ್ನೆ ಇದು. ಪೌಲ ಉತ್ತರ ಕೊಟ್ಟದ್ದು ಅದಕ್ಕೆ: ಅವರು ಹಿಂದೆ ಬೀಳುವುದಿಲ್ಲ, ಅವರೇ ಮೊದಲು ಏಳುತ್ತಾರೆ, ಆಮೇಲೆ ನಾವು ಅವರ ಜೊತೆಯಲ್ಲಿ.

ನೋಟ್‌ಬುಕ್‌ನಲ್ಲಿ ನಡುವೆ ಒಂದು ಗೆರೆ ಎಳೆಯಿರಿ. ಎಡಗಡೆ, ಆ ಆರು ವಚನಗಳಲ್ಲಿ ಇರುವುದನ್ನು ಮಾತ್ರ ಬರೆಯಿರಿ. ಕರ್ತನೇ ಸ್ವತಃ ಇಳಿದು ಬರುತ್ತಾನೆ. ಆಜ್ಞೆಯ ಕೂಗು, ಪ್ರಧಾನ ದೂತನ ಧ್ವನಿ, ದೇವರ ತುತೂರಿ. ಸತ್ತವರು ಮೊದಲು ಏಳುತ್ತಾರೆ. ಬದುಕಿರುವವರು ಅವರೊಂದಿಗೆ ಮೋಡಗಳಲ್ಲಿ ಒಯ್ಯಲ್ಪಡುತ್ತಾರೆ. ಅಂತರಿಕ್ಷದಲ್ಲಿ ಕರ್ತನನ್ನು ಎದುರುಗೊಳ್ಳುತ್ತಾರೆ. ಯಾವಾಗಲೂ ಆತನ ಜೊತೆ ಇರುತ್ತಾರೆ. ಈ ಮಾತುಗಳಿಂದ ಒಬ್ಬರನ್ನೊಬ್ಬರು ಸಂತೈಸಿಕೊಳ್ಳಿ.

ಬಲಗಡೆ, ನೀವು ಕೇಳಿರುವ ಕಥೆಯಲ್ಲಿ ಇದ್ದು ಇಲ್ಲಿ ಸಿಗದೇ ಇರುವುದನ್ನು ಬರೆಯಿರಿ. ನನ್ನ ಪುಟದಲ್ಲಿ ಬಲಗಡೆ ಬಂದದ್ದು ಇಷ್ಟು: ಏಳು ವರ್ಷ. ಗುಟ್ಟಾಗಿ. ಅಲ್ಲಿಂದ ಮತ್ತೆ ಪರಲೋಕಕ್ಕೆ ವಾಪಸ್. ಉಳಿದವರಿಗೆ ಕ್ರಿಸ್ತವಿರೋಧಿಯ ಕಾಟ. ಚಾಲಕನಿಲ್ಲದೆ ಓಡುವ ವಾಹನಗಳು. ಇವೆಲ್ಲ ಬೇರೆ ಕಡೆ ಇರಬಹುದು, ಇಲ್ಲ ಅಂತ ಈಗಲೇ ಹೇಳುವುದು ಬೇಡ. ಆದರೆ ಈ ಭಾಗದಲ್ಲಿ ಇಲ್ಲ. "ಗುಟ್ಟಾಗಿ" ಅನ್ನುವುದಂತೂ ಇಲ್ಲಿಗೆ ಹೊಂದುವುದೇ ಕಷ್ಟ. ಕೂಗು, ದೂತನ ಧ್ವನಿ, ತುತೂರಿ ಅಂತ ಮೂರು ಮೂರು ಸದ್ದು ಹೇಳಿ ಗುಟ್ಟು ಅಂದರೆ ಹೇಗೆ?

ಎರಡು ಪದಗಳನ್ನು ಹತ್ತಿರದಿಂದ ನೋಡಿ

ಮೊದಲನೆಯದು "ಒಯ್ಯಲ್ಪಟ್ಟು". ಗ್ರೀಕ್‌ನಲ್ಲಿ ಹರ್ಪಾಜೊ ಅನ್ನುವ ಕ್ರಿಯಾಪದ. ಫಕ್ಕನೆ ಹಿಡಿದು ಸೆಳೆದುಕೊಳ್ಳುವುದು ಅಂತ ಅರ್ಥ. ತೋಳ ಕುರಿಗಳನ್ನು ಹಿಡಿದುಕೊಂಡು ಹೋಗುವುದಕ್ಕೆ ಯೋಹಾನ 10:12ರಲ್ಲಿ ಇದೇ ಪದ. ಕರ್ತನ ಆತ್ಮ ಫಿಲಿಪ್ಪನನ್ನು ಎತ್ತಿಕೊಂಡು ಹೋದದ್ದಕ್ಕೆ ಅಪೊಸ್ತಲರ ಕೃತ್ಯಗಳು 8:39ರಲ್ಲಿ ಇದೇ ಪದ. ಪೌಲ ಮೂರನೆಯ ಆಕಾಶಕ್ಕೆ ಒಯ್ಯಲ್ಪಟ್ಟ ಮನುಷ್ಯನ ಬಗ್ಗೆ ಎರಡನೇ ಕೊರಿಂಥ 12ರಲ್ಲಿ ಹೇಳುವಾಗಲೂ ಇದೇ. ಲ್ಯಾಟಿನ್ ಬೈಬಲ್ ಈ ಜಾಗದಲ್ಲಿ "ರಪಿಎಮುರ್" ಅಂತ ಹಾಕಿತು. ರ‍್ಯಾಪ್ಚರ್ ಅನ್ನುವುದು ಆ ಲ್ಯಾಟಿನ್ ಬೇರಿನಿಂದಲೇ ಹುಟ್ಟಿದ ಪದ. ಅಂದರೆ ಪದಕ್ಕೆ ಬೈಬಲ್‌ನ ನಂಟು ಖಂಡಿತ ಇದೆ. ಆದರೆ ಪದ ಹೇಳುವುದು "ಹೇಗೆ" ಅನ್ನುವುದನ್ನು ಮಾತ್ರ. "ಯಾವಾಗ" ಅನ್ನುವುದು ಅದರೊಳಗೆ ಇಲ್ಲ.

ಎರಡನೆಯ ಪದ ನನಗೆ ಬಹಳ ಇಷ್ಟ. "ಎದುರುಗೊಳ್ಳುವುದು". ಗ್ರೀಕ್‌ನಲ್ಲಿ ಅಪಾಂಟೆಸಿಸ್. ಪೌಲನ ಈ ವಚನ ಬಿಟ್ಟರೆ ಹೊಸ ಒಡಂಬಡಿಕೆಯಲ್ಲಿ ಇದು ಇನ್ನೆರಡೇ ಕಡೆ ಸಿಗುತ್ತದೆ, ಎರಡನ್ನೂ ತೆಗೆದು ಓದಿ. ಮತ್ತಾಯ 25:6: ನಡುರಾತ್ರಿ ಕೂಗು, ಮದುಮಗ ಬಂದ, ಅವನನ್ನು ಎದುರುಗೊಳ್ಳಲು ಹೊರಡಿ. ಕನ್ನಿಕೆಯರು ದೀಪ ಹಿಡಿದು ಹೋಗುತ್ತಾರೆ, ಅವನ ಜೊತೆಯಲ್ಲೇ ಮದುವೆ ಮನೆಯ ಒಳಗೆ ಬರುತ್ತಾರೆ. ಅಪೊಸ್ತಲರ ಕೃತ್ಯಗಳು 28:15: ಪೌಲ ಕೈದಿಯಾಗಿ ರೋಮ್‌ಗೆ ಬರುತ್ತಿದ್ದಾನೆ. ಸುದ್ದಿ ಕೇಳಿ ಅಲ್ಲಿಯ ಸಹೋದರರು ಅಪ್ಪಿಯ ಪೇಟೆಯ ತನಕ, ತ್ರಿಛತ್ರಗಳ ತನಕ ನಡೆದು ಬರುತ್ತಾರೆ. ಅಪ್ಪಿಯ ಪೇಟೆ ರೋಮ್‌ನಿಂದ 60 ಕಿಲೋಮೀಟರಿಗೂ ಜಾಸ್ತಿ ದೂರ. ಅವರನ್ನು ನೋಡಿ ಪೌಲ ದೇವರನ್ನು ಕೊಂಡಾಡಿ ಧೈರ್ಯ ತಂದುಕೊಂಡ ಅಂತ ಲೂಕ ಬರೆಯುತ್ತಾನೆ. ಆಮೇಲೆ ಎಲ್ಲರೂ ಎಲ್ಲಿಗೆ ಹೋದರು? ಪೌಲ ಹೊರಟಿದ್ದ ಕಡೆಗೇ, ರೋಮ್‌ಗೆ.

ನಮ್ಮ ಕನ್ನಡದ "ಎದುರುಗೊಳ್ಳು" ಕೂಡ ಅದೇ ಅಲ್ವಾ? ಬರುವವರನ್ನು ಬಾಗಿಲಲ್ಲಿ ಕಾಯದೆ ದಾರಿಯಲ್ಲೇ ಹೋಗಿ ಕಂಡು ಜೊತೆಯಲ್ಲಿ ಕರೆದುಕೊಂಡು ಬರುವುದು. ಎದುರುಗೊಳ್ಳಲು ಹೋದವರು ಬಂದವರನ್ನು ಅರ್ಧದಾರಿಯಿಂದ ಹಿಂದಕ್ಕೆ ತಿರುಗಿಸಿಕೊಂಡು ಹೋಗುತ್ತಾರೆ ಅಂತ ಯಾರೂ ಅಂದುಕೊಳ್ಳುವುದಿಲ್ಲ. ಈ ಒಂದು ಪದವನ್ನೇ ಕೊನೆಯ ಸಾಕ್ಷಿ ಮಾಡಿಕೊಳ್ಳಬೇಡಿ, ಗ್ರೀಕ್‌ನಲ್ಲಿ ಈ ಪದಕ್ಕೆ ಸುಮ್ನೆ "ಭೇಟಿ" ಅನ್ನುವ ಬಳಕೆಯೂ ಇದೆ. ಮೋಡದಲ್ಲಿ ಭೇಟಿ ಆದ ಮೇಲೆ ಎತ್ತ ಹೋಗುತ್ತಾರೆ ಅಂತ ಪೌಲ ಇಲ್ಲಿ ಬಿಡಿಸಿ ಹೇಳಿಲ್ಲ. ಆದರೆ ಅವನು ಆರಿಸಿಕೊಂಡ ಪದದ ವಾಲಿಕೆ ಎತ್ತ ಅನ್ನುವುದು ಕಾಣಿಸುತ್ತದೆ.

ತುತೂರಿ ಎಲ್ಲೆಲ್ಲಿ ಊದುತ್ತದೆ ಅಂತ ನೋಡಿ

ಈಗ ಇನ್ನೆರಡು ಭಾಗ ಪಕ್ಕದಲ್ಲಿ ಇಟ್ಟುಕೊಳ್ಳಿ. ಒಂದನೇ ಕೊರಿಂಥ 15:51-52 ಮತ್ತು ಮತ್ತಾಯ 24:29-31.

ಕೊರಿಂಥದವರಿಗೆ ಪೌಲ ಹೇಳುವುದು ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ ನಾವೆಲ್ಲ ಮಾರ್ಪಡುತ್ತೇವೆ ಅಂತ. "ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ ಮಾಯ" ಅಂತ ನಾವು ನೆನಪಿಟ್ಟುಕೊಂಡಿದ್ದೇವೆ, ಆದರೆ ಅಲ್ಲಿ ಮಾಯ ಅನ್ನುವ ಮಾತಿಲ್ಲ. ಕೊಳೆಯುವ ದೇಹ ಕೊಳೆಯದ ದೇಹ ಆಗುವ ಮಾತು ಇದೆ. ಇದು ನಡೆಯುವುದು ಕಡೇ ತುತೂರಿ ಊದುವಾಗ.

ಮತ್ತಾಯ 24ರಲ್ಲಿ ಯೇಸುವೇ ಮಾತಾಡುತ್ತಿದ್ದಾನೆ. ಆ ದಿನಗಳ ಸಂಕಟ ಮುಗಿದ ಕೂಡಲೇ ಸೂರ್ಯ ಕತ್ತಲಾಗುತ್ತಾನೆ, ಮನುಷ್ಯಕುಮಾರನು ಮೋಡಗಳ ಮೇಲೆ ಬರುತ್ತಾನೆ, ಮಹಾ ತುತೂರಿ ಊದುತ್ತದೆ, ದೂತರು ಆಯ್ದುಕೊಂಡವರನ್ನು ನಾಲ್ಕು ದಿಕ್ಕಿನಿಂದ ಕೂಡಿಸುತ್ತಾರೆ. ಮೋಡ, ದೂತರು, ತುತೂರಿ, ಕೂಡಿಸುವಿಕೆ. ಪೌಲನ ಪಟ್ಟಿಯ ಪಕ್ಕದಲ್ಲಿ ಇದನ್ನು ಇಟ್ಟರೆ ನಿಮಗೇ ಗೊತ್ತಾಗುತ್ತದೆ. ಬರೋಣಕ್ಕೆ ಎರಡೂ ಕಡೆ ಬಳಕೆಯಾದ ಗ್ರೀಕ್ ಪದವೂ ಒಂದೇ, ಪರೂಸಿಯ. ಮತ್ತಾಯ 24:27, ಒಂದನೇ ಥೆಸಲೋನಿಕ 4:15. ಇವೆರಡೂ ಏಳು ವರ್ಷ ಅಂತರದ ಬೇರೆ ಬೇರೆ ಘಟನೆಗಳು ಅನ್ನುವವರು ಹಾಗೆ ಎಲ್ಲಿ ಬರೆದಿದೆ ಅಂತ ತೋರಿಸಬೇಕಾಗುತ್ತದೆ. ಅವರು ಕೊಡುವ ಉತ್ತರ ಇದು: ಮತ್ತಾಯ 24 ಇಸ್ರಾಯೇಲ್ಯರಿಗೆ ಹೇಳಿದ್ದು, ಸಭೆಗೆ ಅಲ್ಲ. ಈ ಉತ್ತರ ನನಗೆ ಸಮಾಧಾನ ಕೊಟ್ಟಿಲ್ಲ, ಯಾಕಂದರೆ ಅದನ್ನು ಕೇಳಿಸಿಕೊಂಡವರು ಸಭೆಗೆ ಅಡಿಪಾಯ ಹಾಕಿದ ಶಿಷ್ಯರೇ.

ಹೊಲದಲ್ಲಿ ಇಬ್ಬರು, ಬೀಸುವ ಕಲ್ಲಿನ ಹತ್ತಿರ ಇಬ್ಬರು

ಮತ್ತಾಯ 24:40-41. ಒಬ್ಬನನ್ನು ತೆಗೆದುಕೊಳ್ಳಲಾಗುತ್ತದೆ, ಒಬ್ಬನನ್ನು ಬಿಡಲಾಗುತ್ತದೆ. ಭಯ ಹುಟ್ಟಿಸಲು ಇದಕ್ಕಿಂತ ಜಾಸ್ತಿ ಬಳಕೆಯಾದ ವಚನ ಇನ್ನೊಂದಿಲ್ಲ ಅನ್ನಿಸುತ್ತದೆ. ಒಂದು ಕೆಲಸ ಮಾಡಿ, 37ನೇ ವಚನದಿಂದ ಓದಿ. ಯೇಸು ನೋಹನ ದಿನಗಳ ಹೋಲಿಕೆ ಕೊಡುತ್ತಾನೆ. ಪ್ರಳಯ ಬಂದು ಬಡಿದುಕೊಂಡು ಹೋದದ್ದು ಯಾರನ್ನು? ಎಚ್ಚರವಿಲ್ಲದವರನ್ನು. ಭೂಮಿಯ ಮೇಲೆ ಉಳಿದದ್ದು ಯಾರು? ನೋಹ ಮತ್ತು ಅವನ ಮನೆಯವರು. ಆ ಹೋಲಿಕೆ ಮುಗಿದ ಮರುಕ್ಷಣವೇ "ಒಬ್ಬನನ್ನು ತೆಗೆದುಕೊಳ್ಳಲಾಗುತ್ತದೆ" ಅಂತ ಬರುತ್ತದೆ. ಹಾಗಾದರೆ ಇಲ್ಲಿ ಉಳಿಯುವುದೇ ಒಳ್ಳೆಯದಾಗಿರಬಹುದಲ್ಲ! ಲೂಕ 17ರಲ್ಲಿ ಶಿಷ್ಯರು "ಎಲ್ಲಿ ಕರ್ತನೇ?" ಅಂತ ಕೇಳಿದಾಗ ಸಿಕ್ಕ ಉತ್ತರ, ಹೆಣ ಇದ್ದಲ್ಲಿ ಹದ್ದುಗಳು ಕೂಡುತ್ತವೆ ಅಂತ. ಅದು ಪರಲೋಕದ ವರ್ಣನೆ ಹಾಗೆ ಕೇಳಿಸುವುದಿಲ್ಲ.

ನ್ಯಾಯವಾಗಿ ಇನ್ನೊಂದು ಪಕ್ಷವನ್ನೂ ಹೇಳಬೇಕು. ಪ್ರಳಯ "ಬಡಿದುಕೊಂಡು ಹೋಯಿತು" ಅನ್ನುವಲ್ಲಿ ಇರುವ ಗ್ರೀಕ್ ಪದ ಬೇರೆ, "ತೆಗೆದುಕೊಳ್ಳಲಾಗುತ್ತದೆ" ಅನ್ನುವಲ್ಲಿ ಇರುವುದು ಬೇರೆ. ಎರಡನೆಯದು ಪರಲಂಬಾನೊ. ಯೋಹಾನ 14:3ರಲ್ಲಿ "ನಿಮ್ಮನ್ನು ನನ್ನ ಬಳಿಗೆ ಸೇರಿಸಿಕೊಳ್ಳುತ್ತೇನೆ" ಅನ್ನುವಾಗಲೂ ಇದೇ ಪದ, ಪ್ರೀತಿಯಿಂದ ಕರೆದುಕೊಳ್ಳುವ ಪದ. ಹಾಗಾಗಿ ಎರಡೂ ರೀತಿ ಓದುವುದಕ್ಕೆ ಜಾಗ ಇದೆ. ಎರಡೂ ರೀತಿ ಓದಬಹುದಾದ ವಚನದ ಮೇಲೆ ಇಡೀ ಸಿದ್ಧಾಂತ ಕಟ್ಟಬಾರದು, ಅಷ್ಟೇ ನನ್ನ ಮಾತು. ನೋಟ್‌ಬುಕ್‌ನಲ್ಲಿ ಇದರ ಮುಂದೆ ಪ್ರಶ್ನೆಗುರುತು ಹಾಕಿ ಮುಂದೆ ಹೋಗಿ.

ಸಂಕಟಕ್ಕೆ ಮುಂಚೆ ಅನ್ನುವವರ ಬಲವಾದ ವಾದಗಳನ್ನು ಕೇಳಿ

ಈ ಹೆಜ್ಜೆ ಬಿಡಬೇಡಿ. ಎದುರು ಪಕ್ಷದ ದುರ್ಬಲ ವಾದವನ್ನು ಮಾತ್ರ ಕೇಳಿ ಗೆದ್ದೆ ಅಂದುಕೊಳ್ಳುವುದು ಪರೀಕ್ಷೆ ಅಲ್ಲ. ಈ ನಂಬಿಕೆ ಇಟ್ಟುಕೊಂಡವರಲ್ಲಿ ಬೈಬಲನ್ನು ಪ್ರತಿದಿನ ಪ್ರೀತಿಯಿಂದ ಓದುವವರು ಬಹಳ ಇದ್ದಾರೆ.

ಯೋಹಾನ 14:1-3 ಅವರ ಒಳ್ಳೆಯ ವಾದ. ತಂದೆಯ ಮನೆಯಲ್ಲಿ ಬಹಳ ಬಿಡಾರಗಳಿವೆ, ನಿಮಗೆ ಸ್ಥಳ ಸಿದ್ಧಮಾಡಲು ಹೋಗುತ್ತೇನೆ, ತಿರುಗಿ ಬಂದು ಕರೆದುಕೊಳ್ಳುತ್ತೇನೆ. ಇಲ್ಲಿ ದಿಕ್ಕು ಮೇಲಕ್ಕೆ ಇದ್ದ ಹಾಗೆ ಇದೆ. ನನಗೂ ಇದು ತೂಕದ ಮಾತು. ಆದರೆ ಸಂಕಟಕ್ಕೆ ಮುಂಚೆಯೋ ಆಮೇಲೆಯೋ ಅನ್ನುವುದು ಇಲ್ಲಿ ಇಲ್ಲ.

ಬೈಬಲ್‌ನ ಕೊನೆಯ ಪುಸ್ತಕವಾದ ಪ್ರಕಟನೆಯ 3:10 ಇನ್ನೊಂದು. ಫಿಲದೆಲ್ಫಿಯದ ಸಭೆಗೆ, ಲೋಕದ ಮೇಲೆಲ್ಲ ಬರುವ ಶೋಧನೆಯ ಸಮಯದಿಂದ ನಿನ್ನನ್ನು ಕಾಪಾಡುತ್ತೇನೆ ಅನ್ನುವ ಮಾತು. "ಸಮಯದಿಂದಲೇ" ತಪ್ಪಿಸುತ್ತೇನೆ ಅಂದರೆ ಆ ಸಮಯದಲ್ಲಿ ಅವರು ಇಲ್ಲಿ ಇರುವುದಿಲ್ಲ ಅಂತ ವಾದ. ಒಳ್ಳೆಯ ವಾದವೇ. ಈಗ ಯೋಹಾನ 17:15 ತೆಗೆಯಿರಿ. ಯೇಸು ತಂದೆಗೆ ಪ್ರಾರ್ಥಿಸುತ್ತಾನೆ: ಇವರನ್ನು ಲೋಕದಿಂದ ತೆಗೆದುಕೊಂಡು ಹೋಗು ಅಂತ ಕೇಳುವುದಿಲ್ಲ, ಕೆಡುಕನಿಂದ ಕಾಪಾಡು ಅಂತ ಕೇಳುತ್ತೇನೆ. "ದಿಂದ ಕಾಪಾಡು" ಅನ್ನುವ ಅದೇ ಗ್ರೀಕ್ ಜೋಡಣೆ ಹೊಸ ಒಡಂಬಡಿಕೆಯಲ್ಲಿ ಇವೆರಡೇ ಕಡೆ ಇದೆ. ಒಂದು ಕಡೆ "ತೆಗೆದುಕೊಂಡು ಹೋಗುವುದಲ್ಲ" ಅಂತ ಯೇಸುವೇ ಬಿಡಿಸಿ ಹೇಳಿದ್ದಾನೆ.

ಮೂರನೆಯದು, ದೇವರು ನಮ್ಮನ್ನು ಕೋಪಕ್ಕೆ ಗುರಿಮಾಡಲಿಲ್ಲ ಅನ್ನುವ ಒಂದನೇ ಥೆಸಲೋನಿಕ 5:9. ಇದನ್ನು ನಾನು ಪೂರ್ತಿ ನಂಬುತ್ತೇನೆ. ಆದರೆ ದೇವರ ಕೋಪ ಬೇರೆ, ಸಂಕಟ ಬೇರೆ. ಗ್ರೀಕ್‌ನಲ್ಲೂ ಎರಡು ಪದ. ಲೋಕದಲ್ಲಿ ನಿಮಗೆ ಸಂಕಟ ಇದೆ ಅಂತ ಯೇಸು ಯೋಹಾನ 16:33ರಲ್ಲಿ ಮುಚ್ಚುಮರೆ ಇಲ್ಲದೆ ಹೇಳಿದ. ಐಗುಪ್ತದಲ್ಲಿ ಬಾಧೆಗಳು ಬಿದ್ದಾಗ ಇಸ್ರಾಯೇಲ್ಯರು ಅಲ್ಲೇ ಇದ್ದರು, ಅವರ ಮನೆಯ ಬಾಗಿಲಿಗೆ ರಕ್ತ ಹಚ್ಚಿತ್ತು.

ನಾಲ್ಕನೆಯದು ಪ್ರಕಟನೆಯ 4ನೇ ಅಧ್ಯಾಯದಿಂದ "ಸಭೆ" ಅನ್ನುವ ಪದ ಕಾಣುವುದಿಲ್ಲ ಅನ್ನುವುದು. ಅದು ನಿಜ. ಮೊದಲ ಮೂರು ಅಧ್ಯಾಯಗಳಲ್ಲಿ ಮತ್ತೆ ಮತ್ತೆ ಬಂದು ಆಮೇಲೆ 22:16ರಲ್ಲೇ ತಿರುಗಿ ಸಿಗುತ್ತದೆ. ಆದರೆ 13:7ರಲ್ಲಿ ಮೃಗ ಯಾರ ಮೇಲೆ ಯುದ್ಧ ಮಾಡುತ್ತದೆ ಅಂತ ನೋಡಿ. 14:12ರಲ್ಲಿ ತಾಳ್ಮೆ ಯಾರದ್ದು ಅಂತ ನೋಡಿ. ದೇವಜನರದ್ದು. ಅವರು ಯೇಸುವಿನ ಮೇಲೆ ನಂಬಿಕೆ ಇಟ್ಟವರು ಅಂತಲೂ ಅಲ್ಲೇ ಬರೆದಿದೆ. ಸಂಕಟದ ಕಾಲದಲ್ಲಿ ಹೊಸದಾಗಿ ನಂಬಿದವರು ಇವರು ಅನ್ನುವುದು ಒಂದು ವಿವರಣೆ. ಆದರೆ ಆ ವಿವರಣೆ ವಚನದಿಂದ ಬರುವುದಿಲ್ಲ, ಮೊದಲೇ ಒಪ್ಪಿಕೊಂಡ ವೇಳಾಪಟ್ಟಿಯಿಂದ ಬರುತ್ತದೆ.

ಎರಡನೇ ಥೆಸಲೋನಿಕದ ಎರಡನೇ ಅಧ್ಯಾಯ

ನನ್ನ ಮನಸ್ಸು ತಿರುಗಿದ್ದು ಇಲ್ಲಿ. ಅದೇ ಸಭೆ, ಸ್ವಲ್ಪ ಸಮಯದ ನಂತರ. ಕರ್ತನ ದಿನ ಆಗಲೇ ಬಂದುಬಿಟ್ಟಿದೆ ಅಂತ ಯಾರೋ ಅವರನ್ನು ಗಾಬರಿ ಮಾಡಿದ್ದಾರೆ. ಪೌಲ ಶುರು ಮಾಡುವುದು ಹೀಗೆ: ಕರ್ತನ ಬರೋಣದ ವಿಷಯ ಮತ್ತು ನಾವು ಆತನ ಬಳಿಗೆ ಕೂಡಿಬರುವ ವಿಷಯ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಆಮೇಲೆ ಮೂರನೇ ವಚನ: ಮೊದಲು ಮತಭ್ರಷ್ಟತೆ ಬಂದು ಅಧರ್ಮಸ್ವರೂಪನು ಬಯಲಿಗೆ ಬಾರದ ಹೊರತು ಆ ದಿನ ಬರುವುದಿಲ್ಲ.

ಸ್ವಲ್ಪ ಯೋಚನೆ ಮಾಡಿ. ಸಂಕಟಕ್ಕೆ ಮುಂಚೆಯೇ ಸಭೆ ಎತ್ತಲ್ಪಡುತ್ತದೆ ಅಂತ ಪೌಲ ಅವರಿಗೆ ಕಲಿಸಿದ್ದರೆ ಇಲ್ಲಿ ಒಂದೇ ಸಾಲು ಸಾಕಿತ್ತು: "ನೀವು ಇನ್ನೂ ಇಲ್ಲೇ ಇದ್ದೀರಲ್ಲ, ಹಾಗಾಗಿ ಆ ದಿನ ಬಂದಿಲ್ಲ." ಅಷ್ಟು ಸುಲಭದ ಉತ್ತರ ಇದ್ದೂ ಅವನು ಅದನ್ನು ಹೇಳಲಿಲ್ಲ. ನೀವು ನೋಡಲಿರುವ ಗುರುತುಗಳು ಇವು ಅಂತ ಹೇಳಿದ. ಇಲ್ಲಿ "ಮತಭ್ರಷ್ಟತೆ" ಅಂದರೆ "ಹೊರಟುಹೋಗುವುದು", ಅದೇ ಎತ್ತಲ್ಪಡುವಿಕೆ ಅಂತ ಕೆಲವರು ಓದುತ್ತಾರೆ. ಅಪೊಸ್ತಲರ ಕೃತ್ಯಗಳು 21:21ರಲ್ಲಿ ಅದೇ ಪದ ಮೋಶೆಯ ಧರ್ಮವನ್ನು ಬಿಟ್ಟುಬಿಡುವುದಕ್ಕೆ ಬಂದಿದೆ, ಆ ಅರ್ಥವೇ ಇಲ್ಲೂ ಹೊಂದುತ್ತದೆ.

ಏಳು ವರ್ಷ ಎಲ್ಲಿಂದ ಬಂತು

ಪ್ರಕಟನೆಯನ್ನು ಪೂರ್ತಿ ಹುಡುಕಿದರೂ "ಏಳು ವರ್ಷದ ಸಂಕಟ" ಅಂತ ಸಿಗುವುದಿಲ್ಲ. ಸಿಗುವುದು 42 ತಿಂಗಳು, 1260 ದಿನ, ಒಂದು ಕಾಲ ಎರಡು ಕಾಲ ಅರ್ಧ ಕಾಲ. ಎಲ್ಲ ಮೂರೂವರೆ ವರ್ಷದ ಲೆಕ್ಕ. ಏಳು ಬರುವುದು ದಾನಿಯೇಲ 9:24-27ರ ಎಪ್ಪತ್ತು ವಾರಗಳಿಂದ. ವಾರ ಅಂದರೆ ಏಳು ವರ್ಷ, ಅರವತ್ತೊಂಬತ್ತು ವಾರ ಮುಗಿದು ಗಡಿಯಾರ ನಿಂತಿದೆ, ಕೊನೆಯ ವಾರ ಇನ್ನೂ ಬಾಕಿ ಇದೆ, ಆ ಬಾಕಿ ವಾರವೇ ಮಹಾ ಸಂಕಟ ಅನ್ನುವುದು ಆ ಲೆಕ್ಕ. ಅರವತ್ತೊಂಬತ್ತಕ್ಕೂ ಎಪ್ಪತ್ತಕ್ಕೂ ನಡುವೆ ಎರಡು ಸಾವಿರ ವರ್ಷದ ಬಿಡುವು ಇದೆ ಅಂತ ದಾನಿಯೇಲ ಹೇಳಿಲ್ಲ, ಅದನ್ನು ಓದುವವರು ಇಟ್ಟಿದ್ದಾರೆ. ಎಪ್ಪತ್ತೂ ಕ್ರಿಸ್ತನ ಕಾಲದಲ್ಲೇ ಮುಗಿಯಿತು ಅಂತ ಓದುವವರೂ ಇದ್ದಾರೆ. ಇದು ಬೈಬಲ್‌ನ ಅತಿ ಕಠಿಣ ಭಾಗಗಳಲ್ಲಿ ಒಂದು, ಇಲ್ಲಿ ಯಾರಾದರೂ "ಬಹಳ ಸರಳ" ಅಂದರೆ ಅವರ ಮಾತು ಎಚ್ಚರದಿಂದ ಕೇಳಿ.

ಈಗ ಟಿಪ್ಪಣಿಗಳ ವಿಷಯ, ಮತ್ತು ಸ್ವಲ್ಪ ಇತಿಹಾಸ

ಈ ವೇಳಾಪಟ್ಟಿಗೆ ಈಗಿರುವ ರೂಪ ಕೊಟ್ಟದ್ದು ಮುಖ್ಯವಾಗಿ ಜಾನ್ ನೆಲ್ಸನ್ ಡಾರ್ಬಿ. 1800ರಲ್ಲಿ ಹುಟ್ಟಿ 1882ರಲ್ಲಿ ತೀರಿಕೊಂಡ ಆತ ಮೊದಲು ಐರ್ಲೆಂಡ್‌ನ ಆಂಗ್ಲಿಕನ್ ಸಭೆಯ ಪಾದ್ರಿ, ಆಮೇಲೆ ಪ್ಲಿಮತ್ ಬ್ರದರೆನ್ ಪಂಗಡದ ನಾಯಕ. 1830ರ ದಶಕದಲ್ಲಿ ಈ ಬೋಧನೆ ಹರಡಲು ಶುರುವಾಯಿತು. ಅದೇ ಬ್ರದರೆನ್ ಒಳಗೆ ಬೆಂಜಮಿನ್ ವಿಲ್ಸ್ ನ್ಯೂಟನ್ ಇದನ್ನು ಗಟ್ಟಿಯಾಗಿ ವಿರೋಧಿಸಿದರು. ಅಮೆರಿಕದಲ್ಲಿ ಇದು ಮನೆಮನೆ ಸೇರಿದ್ದು 1909ರಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಪ್ರಕಟಿಸಿದ ಸ್ಕೋಫೀಲ್ಡ್ ರೆಫರೆನ್ಸ್ ಬೈಬಲ್‌ನಿಂದ. ಪುಟದ ಮೇಲೆ ಪೌಲನ ಮಾತು, ಅದೇ ಪುಟದ ಕೆಳಗೆ ಸ್ಕೋಫೀಲ್ಡ್ ಬರೆದ ಟಿಪ್ಪಣಿ. ವರ್ಷಗಟ್ಟಲೆ ಹಾಗೆ ಓದಿದವರಿಗೆ ಯಾವ ಮಾತು ಮೇಲಿನದ್ದು, ಯಾವುದು ಕೆಳಗಿನದ್ದು ಅನ್ನುವುದು ಕಲಸಿಹೋಗುತ್ತದೆ. ಟಿಪ್ಪಣಿ ಮುಚ್ಚಿಟ್ಟು ಓದಿ ಅಂದದ್ದು ಇದಕ್ಕೇ.

ಹೊಸದು ಅಂದ ಮಾತ್ರಕ್ಕೆ ತಪ್ಪು ಅಲ್ಲ. ಡಾರ್ಬಿಗಿಂತ ಮುಂಚೆಯೂ ಇಂಥ ಮಾತು ಅಲ್ಲಲ್ಲಿ ಇತ್ತು. ವೇಲ್ಸ್‌ನಲ್ಲಿ ಹುಟ್ಟಿದ ಬ್ಯಾಪ್ಟಿಸ್ಟ್ ಪಾದ್ರಿ ಮಾರ್ಗನ್ ಎಡ್ವರ್ಡ್ಸ್ 1788ರಲ್ಲಿ ಪ್ರಕಟವಾದ ಬರಹದಲ್ಲಿ ಮೂರೂವರೆ ವರ್ಷದ ಅಂತರ ಹೇಳಿದ್ದರು. ಇನ್ನೊಂದು ಕಡೆ, ಬಹಳ ಹಳೆಯ ಸಭಾ ಬರಹವಾದ ದಿದಖೆಯ ಕೊನೆಯ ಅಧ್ಯಾಯದಲ್ಲಿ ಶೋಧನೆ ಮೊದಲು, ಆಮೇಲೆ ತುತೂರಿ, ಸತ್ತವರ ಏಳುವಿಕೆ, ಮೋಡಗಳ ಮೇಲೆ ಕರ್ತನ ಬರೋಣ. ಕ್ಯಾಥೊಲಿಕ್ ಸಭೆಯ ಧರ್ಮೋಪದೇಶ ಗ್ರಂಥವೂ 675ನೇ ಅಂಶದಲ್ಲಿ ಕ್ರಿಸ್ತನ ಬರೋಣಕ್ಕೆ ಮುಂಚೆ ಸಭೆ ಕೊನೆಯ ಪರೀಕ್ಷೆಯನ್ನು ಹಾದುಹೋಗಬೇಕು ಅನ್ನುತ್ತದೆ.

ನನ್ನ ತೀರ್ಮಾನ ಕೇಳುವುದಾದರೆ: ಮೊದಲ ಪ್ರಶ್ನೆಗೆ ಬೈಬಲ್ ಹೌದು ಅನ್ನುತ್ತದೆ, ಯಾವ ಅನುಮಾನವೂ ಇಲ್ಲದೆ. ಎರಡನೆಯದನ್ನು ಬೈಬಲ್ ಎಲ್ಲೂ ನೇರವಾಗಿ ಕಲಿಸುವುದಿಲ್ಲ. ಬೇರೆ ಬೇರೆ ಕಡೆಯ ತುಂಡುಗಳನ್ನು ಒಂದು ಕ್ರಮದಲ್ಲಿ ಜೋಡಿಸಿದರೆ ಮಾತ್ರ ಅದು ಕಾಣುತ್ತದೆ, ಆ ಕ್ರಮ ವಚನಗಳಲ್ಲಿ ಇಲ್ಲ. ನೀವು ಓದಿ ಬೇರೆ ತೀರ್ಮಾನಕ್ಕೆ ಬಂದರೂ ನಾವಿಬ್ಬರೂ ಒಂದೇ ಮೇಜಿನಲ್ಲಿ ರೊಟ್ಟಿ ಮುರಿಯಬಹುದು.

ಯಾರಾದರೂ ದಿನಾಂಕ ಹೇಳಿದರೆ

ಇದಕ್ಕೆ ಜಾಸ್ತಿ ಓದಬೇಕಾಗಿಲ್ಲ. ಮತ್ತಾಯ 24:36 ಸಾಕು, ಆ ದಿನ ಯಾರಿಗೂ ಗೊತ್ತಿಲ್ಲ. ಅಮೆರಿಕದ ಬೋಧಕ ವಿಲಿಯಂ ಮಿಲ್ಲರ್ ಅವರ ಹಿಂಬಾಲಕರು 1844ರ ಅಕ್ಟೋಬರ್ 22ರಂದು ಕ್ರಿಸ್ತನು ಬರುತ್ತಾನೆ ಅಂತ ಕಾದರು. ಕೊರಿಯದ ದಾಮಿ ಮಿಷನ್ ಅನ್ನುವ ಪಂಗಡ 1992ರ ಅಕ್ಟೋಬರ್ 28 ಅಂದಿತು, ಜನ ಕೆಲಸ ಬಿಟ್ಟರು, ಆಸ್ತಿ ಮಾರಿದರು. ಅದರ ನಾಯಕನ ಹತ್ತಿರ 1993ರಲ್ಲಿ ಹಣ ಕೈಗೆ ಬರುವ ಬಾಂಡ್‌ಗಳು ಇದ್ದವು ಅಂತ ಆಮೇಲೆ ಹೊರಬಂತು, ವಂಚನೆಗೆ ಶಿಕ್ಷೆ ಆಯಿತು. ಅಮೆರಿಕದ ರೇಡಿಯೊ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ 2011ರ ಮೇ 21 ಅಂದರು, ಅದು ದಾಟಿದ ಮೇಲೆ ಅಕ್ಟೋಬರ್ 21 ಅಂದರು, ಮರುವರ್ಷ ತಪ್ಪಾಯಿತು ಅಂತ ಒಪ್ಪಿಕೊಂಡರು. ಒಪ್ಪಿಕೊಂಡದ್ದು ಒಳ್ಳೆಯದೇ. ಆದರೆ ಉಳಿತಾಯವನ್ನೆಲ್ಲ ಜಾಹೀರಾತಿಗೆ ಸುರಿದವರಿಗೆ ಅದು ವಾಪಸ್ ಬರಲಿಲ್ಲ. ಬರೋಣವನ್ನು ಕಾಯುವವನಿಗೆ ಕೆಲಸ ಬಿಡು, ಸಾಲ ಮಾಡು, ಮನೆ ಮಾರು ಅಂತ ಬೈಬಲ್ ಎಲ್ಲೂ ಹೇಳುವುದಿಲ್ಲ. ಅದೇ ಥೆಸಲೋನಿಕದವರಿಗೆ ಪೌಲ ಹೇಳಿದ್ದು ಸುಮ್ಮನಿರಿ, ನಿಮ್ಮ ಕೈಯಿಂದ ಕೆಲಸ ಮಾಡಿ ಅಂತ, ಅದೂ 4:11ರಲ್ಲಿ, ಎತ್ತಲ್ಪಡುವ ಮಾತಿಗೆ ಬರೀ ಎರಡು ವಚನ ಮುಂಚೆ.

ಮನೆಯಲ್ಲಿ, ಮಕ್ಕಳ ಹತ್ತಿರ

ಇದನ್ನು ಕೊನೆಗೆ ಇಟ್ಟದ್ದು ಇದೇ ನನಗೆ ಹೆಚ್ಚು ನೋವಿನ ವಿಷಯ ಅನ್ನುವ ಕಾರಣಕ್ಕೆ. ನಾನು ಎಂಟೊಂಬತ್ತು ವರ್ಷದವನಿದ್ದಾಗ ಒಂದು ಸಂಜೆ ಆಟ ಮುಗಿಸಿ ಮನೆಗೆ ಬಂದೆ. ಬಾಗಿಲು ತೆರೆದಿತ್ತು. ಒಲೆ ಮೇಲೆ ಹಾಲು ಬಿಸಿಯಾಗುತ್ತಿತ್ತು, ಒಳಗೆ ಯಾರೂ ಇರಲಿಲ್ಲ. ಅಮ್ಮಾ ಅಂತ ಕೂಗಿದೆ, ಉತ್ತರ ಇಲ್ಲ. ಹಿಂದಿನ ವಾರವೇ ಎತ್ತಲ್ಪಡುವಿಕೆಯ ಬಗ್ಗೆ ಕೂಟದಲ್ಲಿ ಕೇಳಿದ್ದೆ. ಎಲ್ಲರೂ ಹೋದರು, ನಾನೊಬ್ಬನೇ ಉಳಿದೆ ಅಂತ ಗೋಡೆಗೆ ಒರಗಿ ಅಳುತ್ತಾ ಕೂತೆ. ಅಮ್ಮ ಹಿಂದಿನ ಬಾಗಿಲಿಂದ ಒಣಗಿದ ಬಟ್ಟೆ ಹೊತ್ತುಕೊಂಡು ಬಂದರು. ಯಾಕೆ ಅಳುತ್ತಿದ್ದೀಯ ಅಂತ ಕೇಳಿದಾಗ ಹೇಳಲಿಲ್ಲ, ಹೇಳಿದರೆ ನನ್ನ ಪಾಪ ಗೊತ್ತಾಗುತ್ತದೆ ಅಂತ ಭಯ. ಅಂಥ ಸಂಜೆ ಕಂಡವರು ನನ್ನ ಹಾಗೆ ಇನ್ನೂ ಎಷ್ಟೋ ಜನ ಇದ್ದಾರೆ.

ಹಾಗಾಗಿ ಮಗು ಈ ಬಗ್ಗೆ ಕೇಳಿದರೆ 17ನೇ ವಚನದಿಂದ ಶುರು ಮಾಡಬೇಡಿ. 13ರಿಂದ ಓದಿ. ಪ್ರೀತಿಪಾತ್ರರು ತೀರಿಕೊಂಡ ಮನೆಗೆ ಬರೆದ ಕಾಗದ ಇದು ಅಂತ ಹೇಳಿ. ತೀರಿಹೋದ ಅಜ್ಜಿ ಮೊದಲು ಏಳುತ್ತಾರೆ, ಆಮೇಲೆ ನಾವೆಲ್ಲ ಅವರ ಜೊತೆ ಸೇರಿ ಕರ್ತನನ್ನು ಎದುರುಗೊಳ್ಳುತ್ತೇವೆ ಅಂತ ಹೇಳಿ. 18ನೇ ವಚನವನ್ನು ಮಗುವಿನ ಕೈಯಲ್ಲೇ ಓದಿಸಿ.